ಲಂಚ ಕೊಡದೆ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿಸಿಕೊಳ್ಳುವುದು ಹೇಗೆ

ವರ ಸರ್ಕಾರಿ ನೌಕರನೆಂದರೆ ಸಂಬಳದ ಜೊತೆ ಗಿಂಬಳ ಎಷ್ಟು ಎಂದು ಕೇಳುವುದಕ್ಕೆ ಈಗ ಯಾರೂ ನಾಚುವುದಿಲ್ಲ. ‘ಮೇಲ್ಸಂಪಾದನೆ ಚೆನ್ನಾಗಿದೆಯಂತೆ’ ಎನ್ನುವುದು ಹೊಗಳಿಕೆಯ ಮಾತಾಗಿಬಿಟ್ಟಿದೆ. ನೀತಿ ಕುಸಿಯಿತು ಎಂದು ಭಾಷಣ ಮಾಡುವವರು ಊರಿಗೆ ನಾಲ್ವರು ಸಿಗುತ್ತಾರೆ. ಆ ಕುಸಿತವನ್ನು ಕಣ್ಣಾರೆ ನೋಡಬೇಕೆಂದರೆ ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಅರ್ಧ ದಿನ ಕೂತರೆ ಸಾಕು. ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ) ಬಂದ ವಿಧವೆ, ಜಾತಿ ಪ್ರಮಾಣಪತ್ರಕ್ಕೆ ಬಂದ ವಿದ್ಯಾರ್ಥಿ, ಪೋಡಿಗೆ (ಜಮೀನು ಅಳೆದು ಭಾಗ ಬೇರ್ಪಡಿಸುವುದಕ್ಕೆ) ಬಂದ ರೈತ, ಇವರೆಲ್ಲರಿಗೂ ಅಲ್ಲಿನ ‘ರೇಟು’ ಮೊದಲೇ ಗೊತ್ತಿರುತ್ತದೆ. ಸರ್ಕಾರ ನಿಗದಿ ಮಾಡಿದ ಶುಲ್ಕ ಎಷ್ಟೆಂಬುದು ಮಾತ್ರ ಗೊತ್ತಿರುವುದಿಲ್ಲ.

ಲಂಚ ಬದುಕುವುದು ಬಾಯಿಮಾತಿನಲ್ಲಿ. ‘ನಾಳೆ ಬನ್ನಿ’, ‘ಸಾಹೇಬ್ರು ಮೀಟಿಂಗ್‌ನಲ್ಲಿದ್ದಾರೆ’, ‘ಒಂದು ದಾಖಲೆ ಕಡಿಮೆ ಇದೆ’, ‘ಸ್ವಲ್ಪ ನೋಡ್ಕೊಳ್ಳಿ’ – ಇವುಗಳಲ್ಲಿ ಯಾವುದಕ್ಕೂ ದಿನಾಂಕವಿಲ್ಲ, ಸಹಿಯಿಲ್ಲ. ಹಾಗಾಗಿ ಮುಂದೆ ಹೇಳುವ ಪ್ರತಿ ಹೆಜ್ಜೆಯ ಗುರಿ ಒಂದೇ: ಕಚೇರಿಯವರು ಬಾಯಲ್ಲಿ ಹೇಳಿದ್ದನ್ನು ಕಾಗದಕ್ಕೆ ಇಳಿಸುವುದು.

ಬೇಡಿಕೆ ಹುಟ್ಟುವ ಜಾಗ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಅರ್ಥಶಾಸ್ತ್ರದವರು ಸೂತ್ರವನ್ನೇ ಬರೆದಿದ್ದಾರೆ. ರಾಬರ್ಟ್ ಕ್ಲಿಟ್‌ಗಾರ್ಡ್ ಅವರ ಪ್ರಕಾರ ಏಕಸ್ವಾಮ್ಯ ಮತ್ತು ವಿವೇಚನಾಧಿಕಾರ ಕೂಡಿ, ಅದರಲ್ಲಿ ಉತ್ತರದಾಯಿತ್ವ ಕಳೆದರೆ ಉಳಿಯುವುದೇ ಭ್ರಷ್ಟಾಚಾರ. ಸಹಿ ಹಾಕಬಲ್ಲವನು ಊರಿಗೆಲ್ಲ ಒಬ್ಬನೇ, ಹಾಕಬೇಕೋ ಬೇಡವೋ ಎಂಬುದು ಅವನಿಷ್ಟ, ತಡವಾದರೆ ಕೇಳುವವರಿಲ್ಲ. ಈ ಮೂರೂ ಸೇರಿದಲ್ಲಿ ಒಳ್ಳೆಯ ಮನೆತನದಿಂದ ಬಂದ ನೌಕರನೂ ವರ್ಷದೊಳಗೆ ಬದಲಾಗುತ್ತಾನೆ. ವರ್ಗಾವಣೆಗೆ ದುಡ್ಡು ಸುರಿದು ಬಂದವನಾದರೆ ಅಷ್ಟು ಕಾಲವೂ ಬೇಕಿಲ್ಲ, ಹಾಕಿದ್ದನ್ನು ವಾಪಸ್ ತೆಗೆಯುವ ಲೆಕ್ಕ ಮೊದಲ ದಿನವೇ ಶುರು.

ಇದಕ್ಕೆ ಕರ್ನಾಟಕದಲ್ಲೇ ಪುರಾವೆಯಿದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಬಂದವು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿದ್ದ ಪಹಣಿ ಆಗ 15 ರೂಪಾಯಿಗೆ ಕಿಯೋಸ್ಕ್‌ನಲ್ಲಿ ಸಿಗತೊಡಗಿತು. ಆ ಕಾಗದದ ಮಟ್ಟಿಗೆ ಕೈ ಬೆಚ್ಚಗೆ ಮಾಡುವ ಅಗತ್ಯ ಬಿದ್ದುಹೋಯಿತು. ಖಾತೆ ಬದಲಾವಣೆ, ತಕರಾರು ವಿಚಾರಣೆ, ಅಳತೆಗಳಲ್ಲಿ ಮನುಷ್ಯನ ತೀರ್ಮಾನ ಬೇಕಿತ್ತು. ಬೇಡಿಕೆ ಅಲ್ಲಿಗೆ ಹೋಗಿ ಕೂತಿತು. ಅದೇ ಇಲಾಖೆ, ಅದೇ ಜನ. ಒಂದು ಮೇಜಿನಲ್ಲಿ ಲಂಚ ಸತ್ತು ಪಕ್ಕದ ಮೇಜಿನಲ್ಲಿ ಉಳಿಯಿತೆಂದರೆ ದೋಷವನ್ನೆಲ್ಲ ಬರೀ ಗುಣದ ಮೇಲೆ ಹಾಕುವಂತಿಲ್ಲ.

‘ಏನೋ ಬೇಗ ಆಗಲಿ ಅಂತ ಕೊಟ್ಟೆ’ ಎನ್ನುವವರು ತಾವು ಯಾರಿಗೂ ಕೇಡು ಮಾಡಿಲ್ಲ ಎಂದುಕೊಂಡಿರುತ್ತಾರೆ. ಭ್ರಷ್ಟಾಚಾರ ತಡೆಯ ದಾರಿ ಹುಡುಕಲು ಕೇಂದ್ರ ಸರ್ಕಾರ ನೇಮಿಸಿದ್ದ ಸಂತಾನಂ ಸಮಿತಿ 1964ರಲ್ಲೇ ಈ ‘ಸ್ಪೀಡ್ ಮನಿ’ಯನ್ನು ವಿಳಂಬದ ದೊಡ್ಡ ಕಾರಣಗಳಲ್ಲಿ ಒಂದು ಎಂದು ಗುರುತಿಸಿತ್ತು. ಅವಸರಕ್ಕೆ ಬೆಲೆಯಿದೆ ಎಂದು ಗೊತ್ತಾದ ಕೂಡಲೇ ನೌಕರ ಎಲ್ಲ ಕಡತಗಳನ್ನೂ ನಿಧಾನ ಮಾಡುತ್ತಾನೆ. ಕೊಡಲಾರದವನ ಕಡತ ಅಡಿಗೆ ಹೋಗುತ್ತದೆ. ತೆಗೆದುಕೊಳ್ಳದ ಸಹೋದ್ಯೋಗಿ ಕಚೇರಿಯಲ್ಲಿ ಒಂಟಿಯಾಗುತ್ತಾನೆ. ಅವನಿಗೆ ‘ಕಿರಿಕ್ ಪಾರ್ಟಿ’ ಎಂಬ ಹೆಸರು ಬರುತ್ತದೆ, ಕೊನೆಗೆ ಯಾರಿಗೂ ಬೇಡದ ಶಾಖೆಗೆ ವರ್ಗವಾಗುತ್ತಾನೆ. ಕಚೇರಿಯೆದುರಿನ ಜೆರಾಕ್ಸ್ ಅಂಗಡಿ ಏಜೆಂಟರ ಅಡ್ಡೆಯಾಗುತ್ತದೆ.

ಕಚೇರಿಗೆ ಹೋಗುವ ಮುನ್ನ

ಮೂರು ಸಂಗತಿ ಬರೆದಿಟ್ಟುಕೊಂಡು ಹೊರಡಿ: ಆ ಸೇವೆಗೆ ಸರ್ಕಾರಿ ಶುಲ್ಕ ಎಷ್ಟು, ಎಷ್ಟು ದಿನದ ಗಡುವು, ಯಾವ ದಾಖಲೆ ಬೇಕು. ಗಡುವಿನೊಳಗೆ ಸೇವೆ ಕೊಡಲೇಬೇಕೆನ್ನುವ ರಾಜ್ಯದ ‘ಸಕಾಲ’ ಕಾಯ್ದೆಯ ವ್ಯಾಪ್ತಿಯ ಸೇವೆಯಾದರೆ ಮೂರೂ ಸಕಾಲ ಜಾಲತಾಣದಲ್ಲಿವೆ, ಕಚೇರಿಯ ಫಲಕದ ಮೇಲೂ ಇರಬೇಕು. ಫಲಕದ ಮುಂದೆ ಬೀರು ನಿಂತಿರುವುದು ಎಷ್ಟೋ ಕಡೆ ಕಾಣುವ ದೃಶ್ಯ. ಆಗ ಮೊಬೈಲ್‌ನಲ್ಲೇ ನೋಡಿಕೊಳ್ಳಿ.

ದಾಖಲೆಗಳ ಎರಡು ಸೆಟ್ ಮಾಡಿ. ಒಂದು ಅವರಿಗೆ, ಇನ್ನೊಂದರ ಮೇಲೆ ನಿಮಗೆ ಸೀಲು. ಪ್ರತಿ ಪುಟಕ್ಕೆ ಪುಟಸಂಖ್ಯೆ ಹಾಕಿ, ಅರ್ಜಿಯ ಕೊನೆಯಲ್ಲಿ ‘ಲಗತ್ತು: 1. ಆಧಾರ್ ಪ್ರತಿ, ಪುಟ 2, 2. ಮರಣ ಪ್ರಮಾಣಪತ್ರ, ಪುಟ 3, 3. ವಂಶವೃಕ್ಷ, ಪುಟ 4–5’ ಎಂದು ಪಟ್ಟಿ ಕೊಡಿ. ಇದು ಚಿಲ್ಲರೆ ಕೆಲಸ ಎನಿಸಬಹುದು. ಆದರೆ ‘ನೀವು ವಂಶವೃಕ್ಷ ಕೊಟ್ಟೇ ಇಲ್ಲ’ ಎಂಬ ಮಾತಿನ ಬಾಯಿ ಮುಚ್ಚಿಸುವುದು ಈ ಪಟ್ಟಿಯೇ.

ಕೌಂಟರಿನಲ್ಲಿ

ಅರ್ಜಿ ಕೊಟ್ಟು ಸ್ವೀಕೃತಿ ಪಡೆಯದೆ ಜಾಗ ಬಿಡಬೇಡಿ. ಸಕಾಲ ಸೇವೆಯಾದರೆ 15 ಅಂಕಿಯ ಜಿಎಸ್‌ಸಿ ಸಂಖ್ಯೆ (ಸಕಾಲ ಅರ್ಜಿಯ ಗುರುತಿನ ಸಂಖ್ಯೆ) ಇರುವ ಚೀಟಿ ಕೊಡಬೇಕು. ಉಳಿದವಕ್ಕೆ ಟಪಾಲು ಶಾಖೆಯ ಸೀಲು, ದಿನಾಂಕ, ಆವಕ ಸಂಖ್ಯೆ (ಒಳಬಂದ ಕಾಗದಕ್ಕೆ ಕಚೇರಿ ಹಾಕುವ ಕ್ರಮಸಂಖ್ಯೆ). ಸಾಮಾನ್ಯವಾಗಿ ಕೆಡುವುದು ಇಲ್ಲೇ: ‘ಅರ್ಜಿ ಇಟ್ಟು ಹೋಗಿ, ಆಮೇಲೆ ಎಂಟ್ರಿ ಮಾಡ್ತೀವಿ’ ಎನ್ನುತ್ತಾರೆ. ಎಂಟ್ರಿಯಾಗದ ಅರ್ಜಿಗೆ ಗಡುವಿಲ್ಲ, ಗಡುವಿಲ್ಲದ್ದಕ್ಕೆ ಮೇಲ್ಮನವಿಯಿಲ್ಲ. ತೆಗೆದುಕೊಳ್ಳಲು ಒಪ್ಪದಿದ್ದರೆ ಜಗಳ ಬೇಡ. ಅದೇ ಅರ್ಜಿಯನ್ನು ಕಚೇರಿಯ ಮುಖ್ಯಸ್ಥರ ಹೆಸರಿಗೆ, ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ದಾಖಲೆ ಕಡಿಮೆ ಎಂದರೆ ಹೀಗೆ ಕೇಳಿ: ‘ಆಯ್ತು ಸರ್, ಯಾವ ದಾಖಲೆ ಅಂತ ಹಿಂಬರಹ ಕೊಟ್ಟುಬಿಡಿ, ನಾಳೆಯೇ ತಂದುಕೊಡ್ತೀನಿ.’ ದನಿ ಏರಿಸುವ ಅಗತ್ಯವೇ ಇಲ್ಲ. ಹಿಂಬರಹ, ಅಂದರೆ ಸಹಿ ಹಾಕಿದ ಲಿಖಿತ ಉತ್ತರ, ಎಂಬ ಪದ ಕಚೇರಿಯವರಿಗೆ ಚೆನ್ನಾಗಿ ಗೊತ್ತು. ಸುಳ್ಳು ಆಕ್ಷೇಪವನ್ನು ಸಹಿ ಹಾಕಿ ಬರೆದುಕೊಡಲು ಯಾವ ವಿಷಯ ನಿರ್ವಾಹಕನೂ ಮುಂದಾಗುವುದಿಲ್ಲ. ನಿಜವಾಗಿಯೂ ದಾಖಲೆ ಬೇಕಿದ್ದರೆ ಬರೆದುಕೊಡುತ್ತಾನೆ, ನಿಮಗೂ ಎರಡು ಸುತ್ತು ಓಡಾಟ ಉಳಿಯುತ್ತದೆ. ಪ್ರತಿ ಭೇಟಿಯ ದಿನ, ಹೊತ್ತು, ಮಾತಾಡಿದವರ ಹುದ್ದೆ, ಅವರು ಹೇಳಿದ ಮಾತು – ನಾಲ್ಕನ್ನೂ ಒಂದು ಸಣ್ಣ ಪುಸ್ತಕದಲ್ಲಿ ಅಂದೇ ಬರೆಯಿರಿ. ಮುಂದೆ ದೂರಿನ ಹಂತ ಬಂದರೆ ಈ ಪುಸ್ತಕವೇ ಅರ್ಧ ದೂರು.

ಸಕಾಲದ ಮೇಲ್ಮನವಿ

2011ರ ಕಾಯ್ದೆಯಡಿ 2012ರ ಏಪ್ರಿಲ್‌ನಲ್ಲಿ 11 ಇಲಾಖೆಗಳ 151 ಸೇವೆಗಳೊಂದಿಗೆ ಸಕಾಲ ಶುರುವಾಯಿತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಅದು ತಪ್ಪಿತಸ್ಥ ಅಧಿಕಾರಿಯ ಜೇಬಿನಿಂದ ಹೋಗಬೇಕು. ದುಡ್ಡು ಸಣ್ಣದು, ನಿಜ. ಆ ಅಧಿಕಾರಿಯ ಹೆಸರಿಗೆ ವಿಳಂಬವೊಂದು ದಾಖಲಾಗುವುದು ಅವರಿಗೆ ಕಸಿವಿಸಿಯ ವಿಷಯ, ಕೆಲಸ ಮಾಡಿಸುವುದು ಅದು.

ಗಡುವು ಮುಗಿದ ಅಥವಾ ಅರ್ಜಿ ತಿರಸ್ಕಾರವಾದ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮತ್ತೆ 30 ದಿನದೊಳಗೆ ಮೇಲ್ಮನವಿ ಪ್ರಾಧಿಕಾರಕ್ಕೆ. ಜಿಎಸ್‌ಸಿ ಸಂಖ್ಯೆಯಿದ್ದರೆ ಆನ್‌ಲೈನ್‌ನಲ್ಲೇ ಆಗುತ್ತದೆ.

ಇಲ್ಲಿನ ಮಾಮೂಲಿ ಚಾಲಾಕಿ ಗೊತ್ತಿರಲಿ: ಗಡುವಿಗೆ ಒಂದೆರಡು ದಿನ ಮುಂಚೆ ‘ದಾಖಲೆ ಅಪೂರ್ಣ’ ಎಂದು ತಿರಸ್ಕರಿಸಿಬಿಡುತ್ತಾರೆ. ಅಂಕಿ-ಅಂಶದಲ್ಲಿ ಅದು ವಿಲೇವಾರಿ. ನಿಮಗೆ ಮೊದಲಿಂದ ಶುರು. ಹೊಸ ಅರ್ಜಿ ಹಾಕಲು ಓಡಬೇಡಿ. ಲಗತ್ತುಗಳ ಪಟ್ಟಿಯಿದ್ದ ಸೀಲು ಹಾಕಿದ ಪ್ರತಿಯನ್ನು ಜೊತೆಗಿಟ್ಟು ತಿರಸ್ಕಾರದ ವಿರುದ್ಧವೇ ಮೇಲ್ಮನವಿ ಹಾಕಿ.

ಮಾಹಿತಿ ಹಕ್ಕಿನ ಅರ್ಜಿ

ಸಕಾಲದ ವ್ಯಾಪ್ತಿಗೆ ಬಾರದ ಕೆಲಸಕ್ಕೆ, ಅಥವಾ ಕಡತ ‘ಸಿಗುತ್ತಿಲ್ಲ’ ಎಂದಾಗ, 2005ರ ಮಾಹಿತಿ ಹಕ್ಕು ಕಾಯ್ದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಇದನ್ನು ಮರೆತು ಎರಡು ಪುಟ ಗೋಳು ಬರೆದ ಅರ್ಜಿಗಳು ವಾಪಸ್ ಬರುತ್ತವೆ.

ಇನ್ನೊಂದು ದೊಡ್ಡ ತಪ್ಪು ‘ಯಾಕೆ’ ಎಂದು ಕೇಳುವುದು. ‘ನನ್ನ ಅರ್ಜಿ ಯಾಕೆ ತಡವಾಯಿತು?’ ಎಂದರೆ ‘ಅಭಿಪ್ರಾಯ ಕೊಡಲು ಅವಕಾಶವಿಲ್ಲ’ ಎಂಬ ಒಂದು ಸಾಲಿನ ಉತ್ತರ. ಕಾಯ್ದೆ ಕೊಡಿಸುವುದು ಕಚೇರಿಯಲ್ಲಿರುವ ದಾಖಲೆಯನ್ನು. ಆದ್ದರಿಂದ ದಾಖಲೆಯನ್ನೇ ಕೇಳಿ:

‘ದಿನಾಂಕ ... ರಂದು ಆವಕ ಸಂಖ್ಯೆ ... ರಡಿ ಸಲ್ಲಿಸಿದ ನನ್ನ ಅರ್ಜಿಗೆ ಸಂಬಂಧಿಸಿದಂತೆ: (1) ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ. (2) ಅರ್ಜಿ ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಯಾವ ಹುದ್ದೆಯವರ ಬಳಿ ಇತ್ತು ಎಂಬುದನ್ನು ತೋರಿಸುವ ದಾಖಲೆಯ ಪ್ರತಿ. (3) ಇದೇ ಸೇವೆಗೆ ನನ್ನ ನಂತರ ಅರ್ಜಿ ಸಲ್ಲಿಕೆಯಾಗಿ ಈಗಾಗಲೇ ವಿಲೇವಾರಿಯಾದವುಗಳ ಆವಕ ಸಂಖ್ಯೆ ಮತ್ತು ದಿನಾಂಕಗಳ ಪಟ್ಟಿ. (4) ಈ ಸೇವೆಗೆ ನಿಗದಿಯಾದ ಕಾಲಮಿತಿ ಮತ್ತು ಶುಲ್ಕದ ಆದೇಶದ ಪ್ರತಿ.’

ಇವುಗಳಲ್ಲಿ ಮೂರನೆಯದೇ ನಿಜವಾಗಿ ಕೆಲಸ ಮಾಡುವುದು. ಸಾಲು ಮುರಿದು ಯಾರ ಕಡತ ಮುಂದೆ ಹೋಯಿತೆಂದು ಅದರಲ್ಲಿ ಕಾಣುತ್ತದೆ. ಹೆಸರು ಕೇಳದೆ ಸಂಖ್ಯೆ ಮಾತ್ರ ಕೇಳಿದರೆ ‘ಖಾಸಗಿ ಮಾಹಿತಿ’ ಎಂಬ ನೆಪಕ್ಕೂ ಜಾಗವಿಲ್ಲ. ಮಾಹಿತಿ ಬರುವ ಮೊದಲೇ ಎಷ್ಟೋ ಸಲ ಕೆಲಸವೇ ಮುಗಿದಿರುತ್ತದೆ.

ಉತ್ತರಕ್ಕೆ 30 ದಿನ. ಬಾರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗವು ಮಾಹಿತಿ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು. ಆಯೋಗದಲ್ಲಿ ಸರದಿ ಉದ್ದ. ಹಾಗಾಗಿ ಜೋರು ಹಾಕಬೇಕಾದದ್ದು ಮೊದಲ ಮೇಲ್ಮನವಿಯಲ್ಲೇ.

ಬಾಯಿಬಿಟ್ಟು ದುಡ್ಡು ಕೇಳಿದರೆ

ಇಲ್ಲಿಂದ ಮುಂದಿನದು ಅಪರಾಧ. ಭ್ರಷ್ಟಾಚಾರ ತಡೆ ಕಾಯ್ದೆ, 1988ರ 7ನೇ ಕಲಮಿನಡಿ ತಪ್ಪಿತಸ್ಥ ನೌಕರನಿಗೆ 3ರಿಂದ 7 ವರ್ಷ ಜೈಲು ಮತ್ತು ದಂಡ. 2018ರ ತಿದ್ದುಪಡಿಯ ನಂತರ ಕೊಡುವವನೂ ಅಪರಾಧಿ: 8ನೇ ಕಲಮಿನಲ್ಲಿ 7 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಎರಡು ರಿಯಾಯಿತಿ ಇವೆ. ಮೊದಲೇ ಪೊಲೀಸರಿಗೆ ತಿಳಿಸಿ, ಅವರಿಗೆ ನೆರವಾಗಲೆಂದು ಕೊಟ್ಟರೆ ತಪ್ಪಲ್ಲ. ಬಲವಂತಕ್ಕೆ ಸಿಕ್ಕಿ ಕೊಟ್ಟವನು 7 ದಿನದೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೂ ರಕ್ಷಣೆಯಿದೆ. ಎಂಟನೇ ದಿನ ಹೋದರೆ ಆ ರಕ್ಷಣೆ ಹೋಯಿತು. ಬೇಗ ಆಗಲಿ ಎಂದು ನೀವಾಗಿಯೇ ಕೊಟ್ಟಿದ್ದರೆ ‘ಬಲವಂತ’ ಎನ್ನುವುದು ನಿಲ್ಲುವುದಿಲ್ಲ.

ಬೇಡಿಕೆ ಬಂದಾಗ ಒಪ್ಪಬೇಡಿ, ಒರಟಾಗಿ ನಿರಾಕರಿಸಲೂ ಬೇಡಿ. ‘ಮನೇಲಿ ಕೇಳಿ ಹೇಳ್ತೀನಿ’ ಎಂದು ಎದ್ದು ಬನ್ನಿ. ಚೌಕಾಸಿ ಮಾಡುವುದು, ನೀವೇ ಒಂದು ಮೊತ್ತ ಹೇಳುವುದು ಎರಡೂ ನಂತರ ನಿಮ್ಮ ವಿರುದ್ಧವೇ ತಿರುಗುತ್ತವೆ. ಆರೋಪಿ ಪರ ವಕೀಲರ ಮೊದಲ ಸವಾಲೇ ‘ಮೊತ್ತ ಹೇಳಿದ್ದು ಯಾರು?’ ಎಂಬುದು. ಮಾತುಕತೆ ಫೋನಿನಲ್ಲಿ ರೆಕಾರ್ಡ್ ಆಗಿದ್ದರೆ ಅದನ್ನು ಕತ್ತರಿಸಬೇಡಿ, ಫೈಲಿನ ಹೆಸರು ಬದಲಿಸಬೇಡಿ, ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ. ರೆಕಾರ್ಡ್ ಮಾಡಿದ ಫೋನನ್ನೇ ಜೋಪಾನ ಮಾಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಗೆ ಪ್ರಮಾಣಪತ್ರ ಬೇಕು, ಮೂಲ ಸಾಧನ ಕೈಯಲ್ಲಿದ್ದರೆ ಅದು ಸಲೀಸು. ಈಗೀಗ ಹಣ ಏಜೆಂಟನ ಅಥವಾ ಸಂಬಂಧಿಯ ಯುಪಿಐಗೆ ಹಾಕಿಸಿಕೊಳ್ಳುವ ರೂಢಿಯಿದೆ. ಆ ಕ್ಯೂಆರ್ ಕೋಡ್ ಅಥವಾ ನಂಬರ್ ಕಳಿಸಿದ ಮೆಸೇಜನ್ನು ಅಳಿಸಬೇಡಿ.

ದೂರು ಕೊಡಬೇಕಾದದ್ದು ಲೋಕಾಯುಕ್ತ ಪೊಲೀಸರಿಗೆ. 2016ರಲ್ಲಿ ಹುಟ್ಟಿದ ಎಸಿಬಿಯನ್ನು (ಭ್ರಷ್ಟಾಚಾರ ನಿಗ್ರಹ ದಳ) ಹೈಕೋರ್ಟ್ 2022ರ ಆಗಸ್ಟ್ 11ರಂದು ರದ್ದು ಮಾಡಿ, ಈ ಅಧಿಕಾರವನ್ನು ಮತ್ತೆ ಲೋಕಾಯುಕ್ತಕ್ಕೆ ಕೊಟ್ಟಿತು. ಹಳೆಯ ಎಸಿಬಿ ವಿಳಾಸ ಹುಡುಕಿಕೊಂಡು ಹೋಗಬೇಡಿ. ಜಿಲ್ಲಾ ಕೇಂದ್ರದ ಲೋಕಾಯುಕ್ತ ಠಾಣೆಗೆ ನೇರ ಹೋಗಿ. ದುಡ್ಡು ಕೇಳಿಲ್ಲ, ಬರೀ ಸತಾಯಿಸುತ್ತಿದ್ದಾರೆ ಎಂದಾದರೆ ದಾರಿ ಬೇರೆ: ಅಫಿಡವಿಟ್ ಸಹಿತ ನಮೂನೆ 1 ಮತ್ತು 2 ತುಂಬಿ ಲೋಕಾಯುಕ್ತ ಸಂಸ್ಥೆಗೆ ದೂರು. ಸುಳ್ಳು ದೂರಿಗೆ ಶಿಕ್ಷೆಯಿದೆ, ಆದ್ದರಿಂದ ಊಹೆಯನ್ನು ಸಂಗತಿಯಂತೆ ಬರೆಯಬೇಡಿ.

ಟ್ರ್ಯಾಪ್ ಹೇಗೆ ನಡೆಯುತ್ತದೆ

ಟ್ರ್ಯಾಪ್ ಎಂದರೆ ಲಂಚ ತೆಗೆದುಕೊಳ್ಳುವಾಗಲೇ ನೌಕರನನ್ನು ಹಿಡಿಯುವ ಪೊಲೀಸ್ ದಾಳಿ. ಅದಕ್ಕೆ ಕೊಡುವ ದೂರಿನಲ್ಲಿ ಇರಲೇಬೇಕಾದವು: ನಿಮ್ಮ ಯಾವ ಕೆಲಸ ಆ ನೌಕರನ ಬಳಿ ಬಾಕಿಯಿದೆ, ಯಾವ ದಿನ ಎಷ್ಟು ಕೇಳಿದ, ಯಾವ ಮಾತಿನಲ್ಲಿ ಕೇಳಿದ, ನಿಮಗೆ ಕೊಡಲು ಇಷ್ಟವಿಲ್ಲ. ಕೆಲಸ ಬಾಕಿಯಿತ್ತೆಂದು ತೋರಿಸುವ ಕಾಗದವಿಲ್ಲದಿದ್ದರೆ ಪ್ರಕರಣ ಆಗಲೇ ಸೊರಗುತ್ತದೆ. ಕೌಂಟರಿನ ಸ್ವೀಕೃತಿಗೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ.

ಎಫ್‌ಐಆರ್ ಆದ ಮೇಲೆ ಇಬ್ಬರು ಪಂಚರನ್ನು (ನಡೆದದ್ದಕ್ಕೆ ಸಾಕ್ಷಿಯಾಗುವ ಹೊರಗಿನವರನ್ನು) ಕರೆಸುತ್ತಾರೆ, ಸಾಮಾನ್ಯವಾಗಿ ಬೇರೆ ಇಲಾಖೆಯ ನೌಕರರು. ನಿಮ್ಮ ನೋಟುಗಳ ಸರಣಿ ಸಂಖ್ಯೆಯನ್ನು ಬರೆದುಕೊಂಡು ಅವಕ್ಕೆ ಫಿನಾಲ್ಫ್ಥಲೀನ್ ಪುಡಿ ಸವರುತ್ತಾರೆ. ಪುಡಿ ಬಿಳಿ, ನೋಟಿನ ಮೇಲೆ ಕಾಣುವುದಿಲ್ಲ. ಅದು ಅಂಟಿದ ಬೆರಳನ್ನು ಸೋಡಿಯಂ ಕಾರ್ಬೊನೇಟ್, ಅಂದರೆ ಬಟ್ಟೆ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದನ್ನು ನಿಮ್ಮೆದುರೇ ಮಾಡಿ ತೋರಿಸಿ ಮಹಜರು ಬರೆಯುತ್ತಾರೆ. ಪುಡಿ ಸವರಿದ ಸಿಬ್ಬಂದಿ ದಾಳಿಗೆ ಬರುವುದಿಲ್ಲ, ಅವನ ಕೈಯಿಂದಲೇ ಪುಡಿ ಹರಡಿತು ಎಂಬ ವಾದ ಬರಬಾರದೆಂದು. ನೋಟುಗಳನ್ನು ನಿಮ್ಮ ಜೇಬಿಗೆ ಇಡುವುದೂ ಬೇರೆಯವರೇ.

ಅಲ್ಲಿಂದ ಕಚೇರಿಯವರೆಗೆ ಜೇಬಿಗೆ ಕೈ ಹಾಕಬೇಡಿ. ಒಳಗೆ ಹೋದ ಮೇಲೆ ಕೈಕುಲುಕಬೇಡಿ. ನಿಮ್ಮ ಬೆರಳಿನ ಪುಡಿ ಅವನ ಅಂಗೈಗೆ ಹೋದರೆ ಗುಲಾಬಿ ಬಣ್ಣಕ್ಕೆ ಬೆಲೆಯೇ ಇರುವುದಿಲ್ಲ. ನೆರಳು ಸಾಕ್ಷಿ ಎಂದು ಕರೆಯುವ ಪಂಚ ನಿಮ್ಮ ಹಿಂದೆಯೇ ಇರುತ್ತಾನೆ, ಮಾತು ಅವನ ಕಿವಿಗೂ ಬೀಳುವಂತಿರಲಿ. ‘ಸರ್, ನನ್ನ ಕೆಲಸ ಏನಾಯ್ತು?’ ಎಂದಷ್ಟೇ ಕೇಳಿ ಸುಮ್ಮನಿರಿ. ಹಣದ ಮಾತು ಅವನ ಬಾಯಿಂದಲೇ ಬರಬೇಕು. ‘ತಂದಿದ್ದೀಯಾ?’ ಎಂದು ಕೇಳಿದ ಮೇಲಷ್ಟೇ ತೆಗೆಯಿರಿ. ಡ್ರಾಯರಿಗೆ ಹಾಕು ಎಂದರೆ ಡ್ರಾಯರಿಗೆ, ಹೊರಗಿರುವವನಿಗೆ ಕೊಡು ಎಂದರೆ ಅವನಿಗೆ. ಯಾರಿಗೆ, ಎಲ್ಲಿ ಎಂದು ಸ್ಪಷ್ಟವಾಗಿ ಮರುಪ್ರಶ್ನೆ ಹಾಕಿ. ಕೊಟ್ಟ ಮೇಲೆ ಮೊದಲೇ ಗೊತ್ತುಪಡಿಸಿದ ಸನ್ನೆ, ಬಹಳ ಸಲ ಕರ್ಚೀಫಿನಿಂದ ಮುಖ ಒರೆಸಿಕೊಳ್ಳುವುದು.

ಅವನು ಕೇಳಲೇ ಇಲ್ಲವೆಂದರೆ? ಹಾಗೇ ವಾಪಸ್ ಬನ್ನಿ. ಟೇಬಲ್ ಮೇಲೆ ತುರುಕಿ ಬಂದರೆ ಪ್ರಕರಣ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ. ಬೇಡಿಕೆ ರುಜುವಾತಾಗದೆ ಬರೀ ನೋಟು ಸಿಕ್ಕಿದ್ದು ಸಾಲದೆಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 2022ರ ಡಿಸೆಂಬರ್ 15ರ ನೀರಜ್ ದತ್ತಾ ತೀರ್ಪಿನಲ್ಲಿ ಸಂವಿಧಾನ ಪೀಠವೂ ಬೇಡಿಕೆ ಮತ್ತು ಸ್ವೀಕಾರ ಎರಡನ್ನೂ ಸಾಬೀತುಪಡಿಸಬೇಕೆಂದಿತು. ಜೊತೆಗೆ, ದೂರುದಾರ ತಿರುಗಿಬಿದ್ದರೂ ತೀರಿಕೊಂಡಿದ್ದರೂ ಉಳಿದ ಸಾಕ್ಷ್ಯ, ಸಂದರ್ಭಗಳಿಂದ ಬೇಡಿಕೆಯನ್ನು ಸಾಬೀತು ಮಾಡಬಹುದು ಎಂದಿತು. ಆರೋಪಿಗಳು ದೂರುದಾರನನ್ನು ಒಲಿಸಿಕೊಳ್ಳಲು ಹಾಕುತ್ತಿದ್ದ ಶ್ರಮಕ್ಕೆ ಇದರಿಂದ ಸ್ವಲ್ಪ ಪೆಟ್ಟು ಬಿದ್ದಿದೆ.

ಆಮೇಲೆ

ನಿಮ್ಮ ನೋಟುಗಳು ಸಾಕ್ಷ್ಯವಾಗಿ ಜಪ್ತಿಯಾಗುತ್ತವೆ. ಆ ಮೊತ್ತ ಮರಳಿ ಸಿಗುವ ಕ್ರಮವೇನೆಂದು ದೂರು ಕೊಡುವಾಗಲೇ ತನಿಖಾಧಿಕಾರಿಯನ್ನು ಕೇಳಿ, ಬರಹದಲ್ಲೇ ವಿನಂತಿಸಿ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು. ಬಾಕಿಯಿದ್ದ ಕೆಲಸ ತಾನಾಗಿ ಆಗುವುದಿಲ್ಲ: ಕಡತವನ್ನು ತನಿಖೆಗೆ ಒಯ್ದಿರಬಹುದು, ಕುರ್ಚಿ ಖಾಲಿ ಇರಬಹುದು. ವಾರದೊಳಗೆ ಮೇಲಧಿಕಾರಿಗೆ ಒಂದು ಪತ್ರ ಕೊಡಿ, ಎಫ್‌ಐಆರ್ ಸಂಖ್ಯೆ ನಮೂದಿಸಿ, ಕಡತದ ದೃಢೀಕೃತ ಪ್ರತಿಯ ಮೇಲೆ ಕೆಲಸ ಮುಂದುವರಿಸಲು ಕೇಳಿ. ಉಳಿದ ಸಿಬ್ಬಂದಿ ಸೇಡಿಗೆ ನಿಂತು ಸತಾಯಿಸಿದರೆ ಆ ಪತ್ರವೇ ಮುಂದಿನ ದೂರಿನ ಮೊದಲ ಪುಟ.

ನೌಕರನ ವಿರುದ್ಧ ವಿಚಾರಣೆಗೆ 19ನೇ ಕಲಮಿನಡಿ ಸರ್ಕಾರದ, ಅಥವಾ ಅವನನ್ನು ಹುದ್ದೆಯಿಂದ ತೆಗೆಯುವ ಅಧಿಕಾರವಿರುವವರ ಮಂಜೂರಾತಿ ಬೇಕು, ಅದಕ್ಕೆ ಮೂರು ತಿಂಗಳು, ಬೇಕಾದರೆ ಇನ್ನೊಂದು ತಿಂಗಳು. ವಿಚಾರಣೆಯನ್ನು ಎರಡು ವರ್ಷದಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ವಿಸ್ತರಣೆ ಸೇರಿ ಸಾಮಾನ್ಯವಾಗಿ ನಾಲ್ಕು ವರ್ಷ ಮೀರಬಾರದು. ಅಷ್ಟು ಹೊತ್ತಿಗೆ ಅವನ ಕಡೆಯವರು ಊರಿನ ಹಿರಿಯರನ್ನು ಹಿಡಿದು ಮನೆಗೆ ಬಂದಿರುತ್ತಾರೆ: ‘ಅವನ ಹೆಂಡ್ತಿ ಮಕ್ಕಳ ಮುಖ ನೋಡಪ್ಪಾ.’ ಅಂಥ ಭೇಟಿಯನ್ನು ತನಿಖಾಧಿಕಾರಿಗೆ ಬರಹದಲ್ಲಿ ತಿಳಿಸಿ. ಸಮನ್ಸ್ ಬಂದ ದಿನವೇ ದೂರಿನ ಪ್ರತಿ, ಮಹಜರಿನ ಪ್ರತಿ, ಆ ಸಣ್ಣ ಪುಸ್ತಕ ಮೂರನ್ನೂ ತೆಗೆದು ಓದಿಕೊಳ್ಳಿ. ಪಾಟಿ ಸವಾಲಿನಲ್ಲಿ ದಿನಾಂಕ ನೆನಪಿಲ್ಲದಿದ್ದರೆ ‘ನೆನಪಿಲ್ಲ, ದೂರಿನಲ್ಲಿ ಬರೆದಿದ್ದೇನೆ’ ಎಂದೇ ಹೇಳಿ. ಅಂದಾಜಿನ ಮೇಲೆ ಹೇಳಿದ ಒಂದು ತಪ್ಪು ತಾರೀಖನ್ನು ಹಿಡಿದೇ ವಕೀಲರು ಉಳಿದ ಸಾಕ್ಷ್ಯವನ್ನೆಲ್ಲ ಜಗ್ಗಾಡುತ್ತಾರೆ.